ಕದನವಿರಾಮದಿಂದ ಯುದ್ಧನಿವಾರಣೆಯ ಕಡೆಗೆ: ವಿಶ್ವಸಂಸ್ಥೆಯ ಶಾಂತಿಕಾರ್ಯ ಬೆಳೆದುಬಂದ ದಾರಿ

1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಒಪ್ಪಿತವಾದ ವಿಶ್ವಸಂಸ್ಥೆಯ ಸನ್ನದು ಯುದ್ಧವನ್ನು ತಡೆಯಲು ಎರಡು ಉಪಾಯಗಳನ್ನು ಮುಂದಿಟ್ಟಿತು. ಸಂಧಾನ, ಮಧ್ಯಸ್ಥಿಕೆ, ಪಂಚಾಯ್ತಿ, ನ್ಯಾಯಾಲಯದ ತೀರ್ಪು ಮೊದಲಾದ ಶಾಂತಿಯುತ ಮಾರ್ಗಗಳನ್ನು ಅದರ ಆರನೆಯ ಅಧ್ಯಾಯ ಹೇಳಿದರೆ, ಅವು ಸೋತಾಗ ದಿಗ್ಬಂಧನ ಹಾಗೂ ಸೇನಾಬಲವನ್ನು ಬಳಸುವ ಅಧಿಕಾರವನ್ನು ಏಳನೆಯ ಅಧ್ಯಾಯ ಭದ್ರತಾ ಮಂಡಳಿಗೆ ಕೊಟ್ಟಿತು. ಶಾಂತಿಗೆ ಧಕ್ಕೆ ತರಬಹುದಾದ ಯಾವುದೇ ಸಂಗತಿಯನ್ನು ಮಂಡಳಿಯ ಗಮನಕ್ಕೆ ತರುವ ಹಕ್ಕನ್ನು 99ನೆಯ ವಿಧಿ ಮಹಾಕಾರ್ಯದರ್ಶಿಗೆ ನೀಡಿತು. ಹೀಗೆ ಸನ್ನದಿನ ಆಶಯ ಯುದ್ಧವನ್ನು ಮೊದಲೇ ತಡೆಯುವುದಾಗಿದ್ದರೂ, ಆಚರಣೆ ಬೆಳೆದದ್ದು ಇನ್ನೊಂದು ತುದಿಯಿಂದ, ಅಂದರೆ ಯುದ್ಧ ನಡೆದು ನಿಂತ ಮೇಲೆ ಎದುರಾಳಿಗಳನ್ನು ದೂರವಿಡುವ ಕೆಲಸದಿಂದ. ಶಾಂತಿಪಾಲನೆ ಎಂದು ಇಂದು ಹೆಸರಾಗಿರುವ ಈ ಕೆಲಸದ ಪ್ರಸ್ತಾಪವೇ ಸನ್ನದಿನಲ್ಲಿಲ್ಲ. ಅದು ಆರನೆಯ ಮತ್ತು ಏಳನೆಯ ಅಧ್ಯಾಯಗಳ ನಡುವಿನ 'ಆರೂವರೆಯ ಅಧ್ಯಾಯ' ಎಂಬ ಮಾತು ಮಹಾಕಾರ್ಯದರ್ಶಿ ಡಾಗ್ ಹಮರ್‌ಶೋಲ್ಡ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ.

ಆರಂಭದ ದಶಕದ ಕಠಿಣ ಪರೀಕ್ಷೆ ನಡೆದದ್ದು ಕೊರಿಯಾದಲ್ಲಿ, ಅದರಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ಇಬ್ಬರ ಪಾತ್ರ ದೊಡ್ಡದು. 1950ರ ಜೂನ್‌ನಲ್ಲಿ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿದ್ದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾವ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಇರಾನಿನ ನಸ್ರೊಲ್ಲಾ ಎಂತೆಜಾಮ್ ಮತ್ತು ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ಕದನವಿರಾಮ ಸಮಿತಿಯಲ್ಲಿ ಕುಳಿತು ಅವರು ನಡೆಸಿದ ಪ್ರಯತ್ನ ಆಗ ಫಲಿಸಲಿಲ್ಲ. 1953ರಲ್ಲಿ ಗುಂಡಿನ ಸದ್ದು ನಿಂತಾಗ ಉಳಿದದ್ದು ಯುದ್ಧಕೈದಿಗಳ ಪ್ರಶ್ನೆ. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆಯನ್ನು ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲ ತುಳಿಯುವುದಕ್ಕೆ ಒಪ್ಪದ ಕಾರಣ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ಸೇನಾಮುಕ್ತ ವಲಯಕ್ಕೆ ಒಯ್ಯಬೇಕಾಯಿತು. ಅಲ್ಲಿ ಡೇರೆಗಳನ್ನು ಹಾಕಿ, ತಾಯ್ನಾಡಿನ ಪ್ರತಿನಿಧಿಗಳು ಕೈದಿಗಳಿಗೆ ಮರಳಿ ಬರುವಂತೆ ತಿಳಿಹೇಳುವ ವ್ಯವಸ್ಥೆ ಮಾಡಲಾಯಿತಾದರೂ, ಶಿಬಿರಗಳೊಳಗಿನ ಗುಂಪುಗಳ ಬಿಗಿಹಿಡಿತದಿಂದಾಗಿ ಬಹುಪಾಲು ಕೈದಿಗಳು ಆ ಡೇರೆಗಳವರೆಗೆ ಬರಲೇ ಇಲ್ಲ. ಎರಡೂ ಬಣಗಳಿಂದ ಟೀಕೆ ಕೇಳಿಸಿಕೊಂಡರೂ ಆಯೋಗ ಬಲಪ್ರಯೋಗಕ್ಕೆ ಇಳಿಯದೆ, 1954ರ ಜನವರಿಯಲ್ಲಿ ಕೈದಿಗಳನ್ನು ಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಿತು. ನಿಷ್ಪಕ್ಷಪಾತ ಮತ್ತು ಕನಿಷ್ಠ ಬಲ ಎಂಬ ಮುಂದಿನ ಶಾಂತಿಪಾಲನೆಯ ತತ್ವಗಳು ಬರಹಕ್ಕೆ ಇಳಿಯುವ ಮುನ್ನವೇ ಇಲ್ಲಿ ಆಚರಣೆಯಲ್ಲಿದ್ದವು.

1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪಿಯರ್ಸನ್ ಮತ್ತು ಹಮರ್‌ಶೋಲ್ಡ್ ಕಟ್ಟಿದ ತುರ್ತು ಪಡೆ ಈ ತತ್ವಗಳಿಗೆ ಸಂಸ್ಥೆಯ ರೂಪ ಕೊಟ್ಟಿತು: ನಿಯೋಜನೆಗೆ ಆತಿಥೇಯ ದೇಶದ ಒಪ್ಪಿಗೆ ಇರಬೇಕು, ಆಯುಧದ ಬಳಕೆ ಆತ್ಮರಕ್ಷಣೆಗೆ ಸೀಮಿತವಾಗಿರಬೇಕು. ಒಪ್ಪಿಗೆಯ ಈ ನಿಯಮವೇ ಪಡೆಯ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಒಪ್ಪಿಗೆಯನ್ನು ಹಿಂತೆಗೆದುಕೊಂಡಾಗ ಪಡೆ ಹೊರಟುಹೋಯಿತು, ಜೂನ್‌ನಲ್ಲಿ ಯುದ್ಧವಾಯಿತು. ಕಾಂಗೊದಲ್ಲಿ ಶಾಂತಿಪಾಲಕರು ಅಂತರ್ಯುದ್ಧದ ನಡುವೆ ಸಿಕ್ಕಿಕೊಂಡರು, ಸಂಧಾನಕ್ಕೆಂದು ಹೊರಟ ಹಮರ್‌ಶೋಲ್ಡ್ 1961ರ ಸೆಪ್ಟೆಂಬರ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. 1964ರಲ್ಲಿ ಸೈಪ್ರಸ್‌ಗೆ ಹೋದ ಪಡೆಯ ದಂಡನಾಯಕತ್ವ ವಹಿಸಿದ ತಿಮ್ಮಯ್ಯ ಮರುವರ್ಷದ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ನಿಧನರಾದರು. ಅವರು ಮುನ್ನಡೆಸಿದ ಪಡೆ ಆರು ದಶಕಗಳ ನಂತರವೂ ಆ ದ್ವೀಪದಲ್ಲೇ ಇದೆ, 1974ರಲ್ಲಿ ಇಬ್ಭಾಗವಾದ ದ್ವೀಪ ಇನ್ನೂ ಒಂದಾಗಿಲ್ಲ.

ಗುಂಡು ಹಾರದಿದ್ದರೆ ಅದು ಶಾಂತಿಯೇ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರು ನಾರ್ವೆಯ ಯೋಹಾನ್ ಗಾಲ್ಟುಂಗ್. ಕೇವಲ ಹೊಡೆದಾಟವಿಲ್ಲದ ಸ್ಥಿತಿಯನ್ನು ಅವರು ನಕಾರಾತ್ಮಕ ಶಾಂತಿ ಎಂದು ಕರೆದು, ಬಡತನ, ತಾರತಮ್ಯ, ಅಧಿಕಾರವಂಚನೆಗಳ ಮೂಲಕ ಸಮಾಜದ ರಚನೆಯೊಳಗೇ ಅಡಗಿರುವ ಹಿಂಸೆ ಕೊನೆಗೊಂಡಾಗ ಮಾತ್ರ ಸಕಾರಾತ್ಮಕ ಶಾಂತಿ ಸಾಧ್ಯವೆಂದು ವಾದಿಸಿದರು. ಶಾಂತಿನಿರ್ಮಾಣ ಎಂಬ ಪರಿಕಲ್ಪನೆಯ ಬೇರು ಈ ಚಿಂತನೆಯಲ್ಲಿದೆ. ಶೀತಲ ಸಮರ ಮುಗಿದ ಮೇಲೆ, 1992ರಲ್ಲಿ ಮಹಾಕಾರ್ಯದರ್ಶಿ ಬುಟ್ರೋಸ್ ಘಾಲಿ ಮಂಡಿಸಿದ 'ಶಾಂತಿಯ ಕಾರ್ಯಸೂಚಿ' ಅದನ್ನು ಅಂತರರಾಷ್ಟ್ರೀಯ ನೀತಿಯೊಳಕ್ಕೆ ತಂದಿತು. ವಿವಾದ ಹಿಂಸೆಗೆ ತಿರುಗದಂತೆ ಮೊದಲೇ ನಡೆಸುವ ಮಾತುಕತೆ, ಯುದ್ಧನಿರತರ ನಡುವಿನ ಸಂಧಾನ, ಶಾಂತಿಪಾಲನೆ, ಯುದ್ಧಾನಂತರದ ಶಾಂತಿನಿರ್ಮಾಣ ಎಂಬ ನಾಲ್ಕು ಹಂತಗಳನ್ನು ಆ ವರದಿ ಸ್ಪಷ್ಟವಾಗಿ ಬೇರ್ಪಡಿಸಿತು.

ಆ ಭರವಸೆಗೆ ಬಿದ್ದ ಪೆಟ್ಟು ಭೀಕರವಾಗಿತ್ತು. ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ದಂಡನಾಯಕ ರೋಮಿಯೊ ಡಲೇರ್ 1994ರ ಜನವರಿ 11ರಂದೇ ಗುಪ್ತ ಶಸ್ತ್ರಾಸ್ತ್ರ ಸಂಗ್ರಹದ ಬಗ್ಗೆ ನ್ಯೂಯಾರ್ಕ್‌ಗೆ ತಂತಿ ಕಳಿಸಿದ್ದರೂ ಅವುಗಳನ್ನು ವಶಪಡಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಹತ್ಯಾಕಾಂಡ ಶುರುವಾದ ಮೇಲೆ ಮಂಡಳಿ ಪಡೆಯನ್ನು ಹೆಚ್ಚಿಸುವ ಬದಲು ಸುಮಾರು 270 ಜನರಿಗೆ ಇಳಿಸಲು ನಿರ್ಧರಿಸಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಕೊಲೆಯಾದರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ, ವಿಶ್ವಸಂಸ್ಥೆ ತಾನೇ ಸುರಕ್ಷಿತ ವಲಯವೆಂದು ಘೋಷಿಸಿದ್ದ ಪಟ್ಟಣದಲ್ಲಿ, ಸುಮಾರು 8,000 ಗಂಡಸರು ಮತ್ತು ಹುಡುಗರ ಸಾಮೂಹಿಕ ಕೊಲೆ ನಡೆಯಿತು. ಶಾಂತಿಪಾಲನೆಯ ಸುಧಾರಣೆ ಕುರಿತ 2000ದ ಬ್ರಾಹಿಮಿ ವರದಿ, ನಾಗರಿಕರ ರಕ್ಷಣೆಯ ಹೊಣೆಯನ್ನು 2005ರ ವಿಶ್ವ ಶೃಂಗಸಭೆ ಒಪ್ಪಿಕೊಂಡದ್ದು, ಅದೇ ವರ್ಷ ಶಾಂತಿನಿರ್ಮಾಣ ಆಯೋಗ ಸ್ಥಾಪನೆಯಾದದ್ದು, ಇವೆಲ್ಲಕ್ಕೂ ಆ ಸಾವುಗಳ ಹಿನ್ನೆಲೆಯಿದೆ. ರುವಾಂಡಾದಲ್ಲಿ ಮಾಹಿತಿಯ ಕೊರತೆ ಇರಲಿಲ್ಲ ಎಂಬುದನ್ನು ಮಾತ್ರ ಯಾವ ಸುಧಾರಣಾ ವರದಿಯೂ ಮರೆಸಲಾರದು.

ಅದೇ ವರ್ಷಗಳಲ್ಲಿ ಮ್ಯಾಸಿಡೋನಿಯಾದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಯುಗೊಸ್ಲಾವಿಯಾ ಒಡೆದು ಸುತ್ತಲೂ ಬೆಂಕಿ ಹತ್ತಿದ್ದಾಗ, ತನ್ನ ನೆಲದಲ್ಲಿ ಒಂದೂ ಗುಂಡು ಹಾರುವ ಮೊದಲೇ ಅಧ್ಯಕ್ಷ ಕಿರೊ ಗ್ಲಿಗೊರೊವ್ ಶಾಂತಿಪಡೆಯನ್ನು ಕೇಳಿದರು. 1992ರ ಡಿಸೆಂಬರ್‌ನಲ್ಲಿ ಮಂಡಳಿ ಒಪ್ಪಿತು. ಸುಮಾರು ಒಂದು ಸಾವಿರ ಸೈನಿಕರು, ಮುಖ್ಯವಾಗಿ ನಾರ್ಡಿಕ್ ದೇಶಗಳವರು ಮತ್ತು ಅಮೆರಿಕನ್ನರು, ಸೆರ್ಬಿಯಾ ಮತ್ತು ಅಲ್ಬೇನಿಯಾ ಗಡಿಗಳ ಕಾವಲುಠಾಣೆಗಳಲ್ಲಿ ಕುಳಿತು ಗಸ್ತು ತಿರುಗುತ್ತಿದ್ದರೆ, ರಾಜಧಾನಿಯಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಗಳು ಸ್ಲಾವ್ ಮತ್ತು ಅಲ್ಬೇನಿಯನ್ ಸಮುದಾಯಗಳ ನಾಯಕರ ನಡುವೆ ಮಾತು ಮುರಿಯದಂತೆ ನೋಡಿಕೊಂಡರು. ಪಡೆ ಇದ್ದ ಆರು ವರ್ಷ ಅಲ್ಲಿ ಯುದ್ಧವಾಗಲಿಲ್ಲ. 1999ರ ಜನವರಿಯಲ್ಲಿ ಮ್ಯಾಸಿಡೋನಿಯಾ ತೈವಾನ್‌ಗೆ ಮಾನ್ಯತೆ ಕೊಟ್ಟಿತು, ಫೆಬ್ರವರಿಯಲ್ಲಿ ಚೀನಾ ವಿಟೊ ಚಲಾಯಿಸಿ ಪಡೆಯ ಮುಂದುವರಿಕೆಯನ್ನು ತಡೆಯಿತು. ಎರಡು ವರ್ಷಗಳ ನಂತರ, 2001ರಲ್ಲಿ, ಅಲ್ಬೇನಿಯನ್ ಬಂಡುಕೋರರಿಗೂ ಸರ್ಕಾರಕ್ಕೂ ಸಶಸ್ತ್ರ ಸಂಘರ್ಷ ನಡೆದೇಹೋಯಿತು. ಪಡೆ ಇದ್ದಿದ್ದರೆ ಅದು ಖಂಡಿತ ತಪ್ಪುತ್ತಿತ್ತು ಎಂದು ಸಾಧಿಸುವುದು ಕಷ್ಟ. ಆದರೆ ಯಶಸ್ವಿಯಾಗಿದ್ದ ಒಂದು ಪ್ರಯೋಗ ಅದಕ್ಕೆ ಸಂಬಂಧವೇ ಇಲ್ಲದ ಜಗಳಕ್ಕೆ ಬಲಿಯಾಯಿತು ಎಂಬುದರಲ್ಲಿ ಅನುಮಾನವಿಲ್ಲ.

ಇತ್ತೀಚಿನ ದಶಕಗಳಲ್ಲಿ ಈ ಕೆಲಸದ ಭಾರ ಪ್ರಾದೇಶಿಕ ಸಂಘಟನೆಗಳತ್ತಲೂ ಮಧ್ಯಮ ರಾಷ್ಟ್ರಗಳತ್ತಲೂ ಸರಿದಿದೆ. 2007ರ ಡಿಸೆಂಬರ್‌ನ ಚುನಾವಣೆಯ ನಂತರ ಕೀನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಆಫ್ರಿಕನ್ ಒಕ್ಕೂಟದ ಪರವಾಗಿ ಕೋಫಿ ಅನ್ನಾನ್, ಗ್ರಾಸಾ ಮಶೆಲ್ ಮತ್ತು ಬೆಂಜಮಿನ್ ಮ್ಕಾಪಾ ನೈರೋಬಿಯಲ್ಲಿ ಬೀಡುಬಿಟ್ಟು, 2008ರ ಫೆಬ್ರವರಿ 28ರಂದು ಅಧಿಕಾರ ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿಸಿದರು. ಸಂಧಾನದ ಮೇಜಿನಲ್ಲಿ ಮಹಿಳೆಯರೂ ಇರಬೇಕೆಂದು ಭದ್ರತಾ ಮಂಡಳಿ 2000ದಲ್ಲೇ 1325ನೆಯ ನಿರ್ಣಯದ ಮೂಲಕ ಹೇಳಿತ್ತು. 2007ರಲ್ಲಿ ಲೈಬೀರಿಯಾಕ್ಕೆ ಹೋದ ಭಾರತದ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಆ ಬಗೆಯ ಮೊದಲನೆಯದು. ಶಾಂತಿನಿರ್ಮಾಣ ಯುದ್ಧಾನಂತರದ ಕೆಲಸ ಮಾತ್ರವಲ್ಲ, ಯುದ್ಧಕ್ಕೆ ಮೊದಲೂ ನಡುವೆಯೂ ನಡೆಯಬೇಕಾದದ್ದು ಎಂಬ ನಿಲುವನ್ನು ಮಹಾಸಭೆ ಮತ್ತು ಭದ್ರತಾ ಮಂಡಳಿ 2016ರಲ್ಲಿ ಒಟ್ಟಾಗಿ ಅಂಗೀಕರಿಸಿದವು.

ತತ್ವ ಇಷ್ಟು ಪಕ್ವವಾದ ಹೊತ್ತಿಗೇ ರಾಜಕೀಯ ಹಿನ್ನಡೆಯೂ ಶುರುವಾದದ್ದು ದುಃಖಕರ. ಉಕ್ರೇನ್ ಮೇಲೆ ದಾಳಿ ಮಾಡಿದ ದೇಶವೇ ಮಂಡಳಿಯ ಕಾಯಂ ಸದಸ್ಯ. ಗಾಜಾ ಕುರಿತ ಕದನವಿರಾಮದ ನಿರ್ಣಯಗಳು ಅಮೆರಿಕದ ವಿಟೊಗೆ ಮತ್ತೆ ಮತ್ತೆ ಬಿದ್ದವು. ಮಾಲಿ ಸರ್ಕಾರದ ಒತ್ತಾಯದಿಂದ ಅಲ್ಲಿನ ಶಾಂತಿಪಡೆ 2023ರ ಕೊನೆಗೆ ಜಾಗ ಖಾಲಿ ಮಾಡಿತು. ಟರ್ಕಿ ಮತ್ತು ವಿಶ್ವಸಂಸ್ಥೆ ಸೇರಿ 2022ರ ಜುಲೈನಲ್ಲಿ ಕುದುರಿಸಿದ ಕಪ್ಪುಸಮುದ್ರದ ಧಾನ್ಯ ಒಪ್ಪಂದ ಒಂದು ವರ್ಷ ಬಾಳಿತು, ಆ ಒಂದು ವರ್ಷದಲ್ಲಿ ಮೂರು ಕೋಟಿ ಟನ್‌ಗೂ ಹೆಚ್ಚು ಆಹಾರಧಾನ್ಯ ಉಕ್ರೇನ್‌ನಿಂದ ಹೊರಬಂತು. ದೊಡ್ಡ ಶಕ್ತಿಗಳು ಕೈಚೆಲ್ಲಿದಾಗಲೂ ತಾಳ್ಮೆಯ ಸಂಧಾನಕ್ಕೆ ಎಡೆಯಿದೆ ಎಂಬುದಕ್ಕೆ ಇದು ಸಾಕ್ಷಿ. 1948ರಿಂದೀಚೆಗೆ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಶಾಂತಿಪಾಲಕರನ್ನು ಕಳಿಸಿಕೊಟ್ಟ ಭಾರತ, ಸೈನಿಕರಿಗೆ ಕೊಡುವ ತರಬೇತಿಯಷ್ಟನ್ನೇ ಸಂಧಾನಕಾರರಿಗೂ ಕೊಟ್ಟು ಅವರನ್ನು ಬಿಕ್ಕಟ್ಟು ಹಿಂಸೆಗೆ ತಿರುಗುವ ಮೊದಲೇ ಕಳಿಸುವ ಹೊಣೆ ಹೊರಬೇಕು. 2024ರಲ್ಲಿ ಜಗತ್ತಿನ ಸೇನಾವೆಚ್ಚ ಸುಮಾರು 2.7 ಲಕ್ಷ ಕೋಟಿ ಡಾಲರ್ ಮುಟ್ಟಿತು, 2024-25ರ ಸಾಲಿಗೆ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಮೀಸಲಾದದ್ದು ಸುಮಾರು 560 ಕೋಟಿ ಡಾಲರ್.