ಕ್ಯಾಂಪ್ ಕ್ರಾಸಿನಲ್ಲಿ ರಸ್ತೆ ದಾಟುವವರು: ಸಿಂಧನೂರು–ಮಸ್ಕಿ–ಲಿಂಗಸುಗೂರು ಹೆದ್ದಾರಿ ಕುರಿತು ಒಂದು ಸಂಶೋಧನಾ ಟಿಪ್ಪಣಿ

ನಡೆಯುವವರ ಮತ್ತು ಸೈಕಲ್ ತುಳಿಯುವವರ ಸುರಕ್ಷತೆಯ ಮಾತು ಬಂದಾಗ ಕರ್ನಾಟಕದಲ್ಲಿ ನಾವು ಉದಾಹರಣೆ ಕೊಡುವುದು ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನು, ಹೊರವರ್ತುಲ ರಸ್ತೆಯ ಸೈಕಲ್ ಪಥವನ್ನು, 2017ರಲ್ಲಿ ಮೈಸೂರಿನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆಯನ್ನು. ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಸಕ್ರಿಯ ಸಂಚಾರ ಮಸೂದೆಯ ಕರಡಿನ ಮೇಲೆ ನಡೆದ ಚರ್ಚೆಯೂ ದೊಡ್ಡ ನಗರಗಳದ್ದೇ ಆಗಿತ್ತು. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಂದೇ ದಾರದಲ್ಲಿ ಪೋಣಿಸುವ ರಾಷ್ಟ್ರೀಯ ಹೆದ್ದಾರಿ 150ಎ ಆ ಚರ್ಚೆಯೊಳಗೆ ಬಂದದ್ದು ಕಡಿಮೆ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ಈ ಹೆದ್ದಾರಿಗೂ, ಸಿಂಧನೂರಿನಿಂದ ರಾಯಚೂರು, ಗಂಗಾವತಿ, ಕುಷ್ಟಗಿ ಕಡೆಗೆ ಒಡೆಯುವ ರಸ್ತೆಗಳಿಗೂ ನೂರಾರು ಸಣ್ಣ ದಾರಿಗಳು ಬಂದು ಸೇರುತ್ತವೆ. ಅವುಗಳಲ್ಲಿ ಹಲವು, ‘ಕ್ಯಾಂಪ್’ ಎಂದು ಕರೆಯುವ ವಲಸಿಗರ ವಸತಿಗಳ ದಾರಿಗಳು.

ಈ ಟಿಪ್ಪಣಿಯ ವಾದ ಇಷ್ಟು: ಇಲ್ಲಿ ರಸ್ತೆ ದಾಟುವವರಿಗೆ ರಕ್ಷಣೆ ಸಿಗದಿರುವುದಕ್ಕೆ ಹಣದ ಕೊರತೆಗಿಂತ ಮೊದಲಿನ ಕಾರಣವೊಂದಿದೆ. ಅಪಾಯವನ್ನು ಎಣಿಸಲು ನಾವು ಇಟ್ಟುಕೊಂಡಿರುವ ಮಾಪನಗಳು ಈ ಭಾಗದ ವಸತಿಯ ಸ್ವರೂಪಕ್ಕೆ ಹೊಂದುವುದಿಲ್ಲ.

ಆ ಸ್ವರೂಪ ಹೇಗೆ ಬಂತೆಂಬುದನ್ನು ಸ್ವಲ್ಪ ನೋಡಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಮುಂದೆ ಮುಂದೆ ಸಾಗಿದಂತೆ, ಜೋಳ ಬೆಳೆಯುತ್ತಿದ್ದ ಎರಿಭೂಮಿ ಗದ್ದೆಯಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕೊಂಡ ಜಮೀನಿನ ಪಕ್ಕದಲ್ಲೇ ಮನೆ ಹೂಡಿದರು. ಗಾಂಧಿನಗರ, ಶ್ರೀಪುರಂ, ಪಗಡದಿನ್ನಿ ಕ್ಯಾಂಪಿನಂಥ ಹೆಸರುಗಳು ಆ ಕಾಲದ ಗುರುತುಗಳು. 1970ರ ದಶಕದಲ್ಲಿ ಇನ್ನೊಂದು ಪದರ ಸೇರಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿ, ಜಮೀನು ಕೊಟ್ಟು, ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿಯ ಮೇಲೆಯೇ ಹೆಸರಿಡಲಾಯಿತು. ಹಳೆಯ ಊರುಗಳು ಹಳ್ಳ, ಕೆರೆ, ಗುಡಿಯ ಸುತ್ತ ಒತ್ತೊತ್ತಾಗಿ ಬೆಳೆದವು. ಕ್ಯಾಂಪುಗಳು ಹಾಗಲ್ಲ. ಅವು ಕಾಲುವೆ, ಉಪಕಾಲುವೆ, ರಸ್ತೆಗಳ ಗುಂಟ ಚದುರಿದವು. ಆಸ್ಪತ್ರೆ, ಕಾಲೇಜು, ಸಂತೆ, ತಾಲ್ಲೂಕು ಕಚೇರಿ ಬೇಕೆಂದರೆ ಒಳದಾರಿಯಲ್ಲಿ ನಡೆದೋ ಸೈಕಲ್ ತುಳಿದೋ ಕ್ರಾಸಿಗೆ ಬರಬೇಕು, ಬಸ್ಸಿಗೋ ಟಂಟಂಗೋ ಕಾಯಬೇಕು. ಹೋಗುವಾಗ ಇಲ್ಲವೇ ಬರುವಾಗ, ಎರಡರಲ್ಲಿ ಒಮ್ಮೆ ಹೆದ್ದಾರಿಯನ್ನು ದಾಟಲೇಬೇಕು.

ಈಗ ಮಾಪನಗಳಿಗೆ ಬರೋಣ. ಕೇಂದ್ರ ಸಾರಿಗೆ ಸಚಿವಾಲಯ 2015ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿದ್ದರೆ ಅದು ‘ಕಪ್ಪುಚುಕ್ಕೆ’. ಹಣ ಮತ್ತು ಎಂಜಿನಿಯರುಗಳ ಗಮನ ಮೊದಲು ಹೋಗುವುದು ಅಲ್ಲಿಗೆ. ನಾಲ್ಕು ರಸ್ತೆ ಕೂಡುವ ನಗರದ ವೃತ್ತಕ್ಕೆ, ಘಟ್ಟದ ತಿರುವಿಗೆ ಈ ಅಳತೆ ಸರಿ. ಆದರೆ ಎರಡು ಮೂರು ಕಿಲೋಮೀಟರಿಗೊಂದು ಕ್ಯಾಂಪ್ ಕ್ರಾಸ್ ಇರುವ ರಸ್ತೆಯಲ್ಲಿ ಈ ವರ್ಷ ಒಂದು ಕ್ರಾಸಿನಲ್ಲಿ ಕೂಲಿಗೆ ಹೊರಟ ಹೆಣ್ಣುಮಗಳು, ಮುಂದಿನ ವರ್ಷ ಇನ್ನೊಂದರಲ್ಲಿ ಸೈಕಲ್ ಮೇಲಿನ ಮುದುಕ ಸತ್ತರೆ ಯಾವ 500 ಮೀಟರಿನ ತುಂಡೂ ಐದನ್ನು ಮುಟ್ಟುವುದಿಲ್ಲ. ಇಡೀ ಸಾಲನ್ನು ಕೂಡಿಸಿದರೆ ಗಣನೀಯವಾಗುವ ಅಪಾಯ, ತುಂಡು ತುಂಡಾಗಿ ಎಣಿಸಿದಾಗ ಎಲ್ಲಿಯೂ ಇಲ್ಲವಾಗುತ್ತದೆ. 2025ರ ಜನವರಿಯಲ್ಲಿ ಸಿಂಧನೂರಿನ ಅರಗಿನಮರ ಕ್ಯಾಂಪ್ ಬಳಿ ಮಂತ್ರಾಲಯದ ವೇದ ವಿದ್ಯಾರ್ಥಿಗಳಿದ್ದ ವಾಹನ ಉರುಳಿ ಚಾಲಕನೂ ಸೇರಿ ನಾಲ್ವರು ತೀರಿಕೊಂಡಾಗ ರಾಜ್ಯವೇ ಮರುಗಿತು, ಮರುಗಬೇಕಾದ್ದೇ. ಒಬ್ಬೊಬ್ಬರಾಗಿ ಸಾಯುವ ಪಾದಚಾರಿಗಳಿಗೆ ಅಂಥ ಗಮನ ಸಿಗುವುದಿಲ್ಲ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,72,890 ಜನರಲ್ಲಿ 35,221 ಮಂದಿ ನಡೆದು ಹೋಗುತ್ತಿದ್ದವರು, ಎಂದರೆ ಐದರಲ್ಲಿ ಒಬ್ಬರು.

ಎರಡನೆಯ ಮಾಪನ ದಾಟುದಾರಿಯದ್ದು. ಸಿಗ್ನಲ್ಲಿನಂಥ ನಿಯಂತ್ರಣವುಳ್ಳ ದಾಟುದಾರಿ ಎಲ್ಲಿ ಬೇಕೆಂದು ತೀರ್ಮಾನಿಸಲು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ. ಅತಿ ದಟ್ಟಣೆಯ ಒಂದು ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು, ಅದೇ ಗಂಟೆಯ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ನಡುವಿಭಜಕವಿಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ದಾಟಿದರೆ ಅಂಥ ದಾಟುದಾರಿಗೆ ಅರ್ಹತೆ. ಗಂಟೆಗೆ 1,000 ವಾಹನ ಓಡುವ ಪೇಟೆಯ ರಸ್ತೆಯಲ್ಲಿ 100 ಜನ ದಾಟಿದರೆ ಸರಿಯಾಗಿ 10 ಕೋಟಿ. ಬರಿಯ ಉದಾಹರಣೆಗಾಗಿ, ಒಂದು ಕ್ರಾಸಿನಲ್ಲಿ 150 ಜನ ದಾಟುತ್ತಾರೆ, ವಾಹನ 500 ಎಂದುಕೊಳ್ಳಿ. ಜನ ಒಂದೂವರೆಪಟ್ಟು ಇದ್ದರೂ ಲಬ್ಧ 3.75 ಕೋಟಿ ಮಾತ್ರ, ದಾಟುದಾರಿ ಇಲ್ಲ. ವಾಹನದ ಸಂಖ್ಯೆಯನ್ನು ವರ್ಗ ಮಾಡುವುದರಿಂದ ಸೂತ್ರ ದಟ್ಟಣೆಯ ಕಡೆಗೆ ಬಲವಾಗಿ ವಾಲುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ವಾಹನ ಕಡಿಮೆ, ಆ ಕಾರಣಕ್ಕೇ ವೇಗ ಹೆಚ್ಚು. ಕೊಲ್ಲುವುದು ವೇಗ. ಸೂತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಹೆದರಿ ದಾಟದೆ ಉಳಿದವರೂ, ಮಗಳನ್ನು ಹೈಸ್ಕೂಲಿಗೆ ಸೈಕಲ್ ಮೇಲೆ ಕಳಿಸಲು ಒಪ್ಪದ ಮನೆಯವರೂ ಈ ಎಣಿಕೆಯೊಳಗೆ ಬರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅದೇ ಮಾರ್ಗಸೂಚಿ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ: ವಾಹನಗಳ ವೇಗ ಗಂಟೆಗೆ 65 ಕಿಲೋಮೀಟರ್ ಮೀರುತ್ತಿದ್ದರೆ ಅದನ್ನೂ ಪರಿಗಣಿಸಬಹುದು. ಈ ಭಾಗದ ಅರ್ಜಿಗಳು ದಾಟುವವರ ಸಂಖ್ಯೆಯ ಬದಲು ಈ ಆಧಾರ ಹಿಡಿಯುವುದು ಲೇಸು. ಪೊಲೀಸರ ವೇಗಮಾಪಕದಿಂದ ಒಂದು ಬೆಳಗ್ಗೆ ಅಳೆದರೂ ಸಾಕ್ಷ್ಯ ಸಿಗುತ್ತದೆ.

ವೇಗದ ವಿಷಯವನ್ನು ಸರಳ ಲೆಕ್ಕದಲ್ಲಿ ನೋಡಬಹುದು. ಎರಡು ಪಥದ ಹೆದ್ದಾರಿ, ಎರಡೂ ಬದಿಯ ಡಾಂಬರು ಭುಜ ಸೇರಿ 10 ಮೀಟರ್ ಅಗಲ. ಸೆಕೆಂಡಿಗೆ 1.2 ಮೀಟರ್ ನಡೆಯುವ ಗಟ್ಟಿ ಆಳಿಗೆ ದಾಟಲು 8 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ 70ರ ವೇಗದ ಕಾರು 160 ಮೀಟರ್ ಬಂದಿರುತ್ತದೆ. ತಲೆಯ ಮೇಲೆ ಹೊರೆ ಇದ್ದವರಿಗೆ, ಮೊಣಕಾಲು ನೋವಿನವರಿಗೆ ಸೆಕೆಂಡಿಗೆ 0.8 ಮೀಟರ್ ಎಂದರೆ 12 ಸೆಕೆಂಡ್ ದಾಟುತ್ತದೆ, ಕಾರು 240 ಮೀಟರ್. ಮುಸ್ಸಂಜೆಯಲ್ಲಿ, ಒಂದೇ ದೀಪ ಉರಿಯುವ ಟ್ರ್ಯಾಕ್ಟರಿನ ಹಿಂದಿನಿಂದ ಬರುತ್ತಿರುವ ಕಾರನ್ನು 240 ಮೀಟರ್ ದೂರದಲ್ಲಿ ಅಂದಾಜಿಸುವುದು ಕಣ್ಣು ಚುರುಕಿದ್ದವರಿಗೂ ಕಷ್ಟ. ರಸ್ತೆಯ ನಡುವೆ ನಿಲ್ಲಲು ಒಂದು ಕಟ್ಟೆ ಇದ್ದರೆ ಒಮ್ಮೆಗೆ 5 ಮೀಟರ್, ಒಂದೇ ದಿಕ್ಕು ನೋಡಿದರೆ ಸಾಕು. ಅಂದಾಜಿಸಬೇಕಾದ ದೂರ ಅರ್ಧಕ್ಕೆ ಇಳಿಯುತ್ತದೆ. ವೇಗವನ್ನೂ 30ಕ್ಕೆ ಇಳಿಸಿದರೆ ಗಟ್ಟಿ ಆಳಿಗೆ ಆ ದೂರ 35 ಮೀಟರ್ ಆಸುಪಾಸು. ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಸಾಧ್ಯತೆ ವೇಗ 50ರಿಂದ 65ಕ್ಕೆ ಏರಿದರೆ ನಾಲ್ಕೂವರೆಪಟ್ಟು ಹೆಚ್ಚುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಕೇಂದ್ರದ 2018ರ ಅಧಿಸೂಚನೆಯಲ್ಲಿ ಪುರಸಭೆಯ ಮಿತಿಯೊಳಗೂ ಕಾರಿಗೆ ಗರಿಷ್ಠ ವೇಗ 70.

ಸಾವಾದ ಮರುದಿನ ಊರವರು ರಸ್ತೆ ತಡೆದು ಕೇಳುವುದು ಹಂಪ್ಸ್. ಅವರ ಸಿಟ್ಟು ಸರಿ, ಕೇಳಿಕೆಯೂ ಅರ್ಥವಾಗುವಂಥದ್ದು. ತೊಡಕೆಂದರೆ ರಾಷ್ಟ್ರೀಯ ಹೆದ್ದಾರಿಗಳಿಂದ ಹಂಪ್ಸ್ ತೆಗೆಯಬೇಕೆಂದು 2016ರಲ್ಲಿ ಸಚಿವಾಲಯವೇ ಆದೇಶಿಸಿದೆ. ಇಲಾಖೆ ಆ ಆದೇಶ ತೋರಿಸುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಗುಣಮಟ್ಟದ ಹಂಪ್‌ಗೆ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರದ ನಯವಾದ ಬೆನ್ನು ಇರಬೇಕು. ರಾತ್ರೋರಾತ್ರಿ ಸುರಿದ ಡಾಂಬರು ದಿಂಡಿನ ಮೇಲೆ, ಬಣ್ಣವೂ ದೀಪವೂ ಇಲ್ಲದ ಕಡೆ, ಮೊದಲು ಬೀಳುವುದು ಸೈಕಲ್ ಮತ್ತು ಬೈಕಿನವರೇ. ಹಂಪ್ಸ್ ಒಂದೇ ದಾರಿಯೂ ಅಲ್ಲ. 1980ರ ದಶಕದಲ್ಲಿ ಡೆನ್ಮಾರ್ಕಿನವರು ವಿಂಡರುಪ್, ಸ್ಕೇರ್‌ಬೆಕ್, ಉಗರ್ಲೋಸ ಎಂಬ ಮೂರು ಸಣ್ಣ ಊರುಗಳಲ್ಲಿ, ಹೆದ್ದಾರಿಯನ್ನು ಊರಾಚೆ ಸಾಗಿಸದೆ, ಊರಿನ ಬಾಯಿಗೆ ಬಂದೊಡನೆ ರಸ್ತೆಯ ಚಹರೆಯನ್ನೇ ಬದಲಿಸಿ ನೋಡಿದರು: ದ್ವಾರದಂಥ ಗುರುತು, ಪಥ ಕಿರಿದು, ನಡುಗಟ್ಟೆ, ಮರ. ವೇಗ ತಗ್ಗಿತು. ನಮ್ಮ ಕ್ರಾಸುಗಳಿಗೆ ನಡುಗಟ್ಟೆ, ಪಥ ಕಿರಿದುಗೊಳಿಸುವುದು, ಎತ್ತರದ ಒಂದು ದೀಪ, ಬಸ್ ನಿಲ್ಲಲು ಭುಜದಾಚೆ ಜಾಗ, ಇಷ್ಟನ್ನು ಮಾಡಲು 2016ರ ಆದೇಶ ಅಡ್ಡಿಯಲ್ಲ.

ಈ ಭಾಗದಲ್ಲಿ ಎದ್ದು ಕಾಣುವ ಇನ್ನೊಂದು ಅಪಾಯ ಮೇಲಿನ ಅಳತೆಗಳೊಳಗೆ ಬರುವುದಿಲ್ಲ. ಕೊಯ್ಲಿನ ಕಾಲದಲ್ಲಿ ರಸ್ತೆಯ ಒಂದು ಬದಿ ಕಣವಾಗುತ್ತದೆ. ಹಿಂದೆ ನೆಲ್ಲನ್ನು ಕುಡುಗೋಲಿನಿಂದ ಕೊಯ್ದು, ಸೂಡು ಕಟ್ಟಿ, ಹೊಲದಲ್ಲೇ ಬಿಸಿಲಿಗೆ ಬಿಟ್ಟು, ಕಣದಲ್ಲಿ ಬಡಿಯುತ್ತಿದ್ದರು; ಚೀಲ ಸೇರುವ ಹೊತ್ತಿಗೆ ಕಾಳು ಒಣಗಿರುತ್ತಿತ್ತು. ಈಗ ಯಂತ್ರ ಹಸಿ ತೆನೆಯಿಂದಲೇ ಕಾಳು ಬಿಡಿಸಿ ಟ್ರ್ಯಾಲಿಗೆ ಸುರಿಯುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ. 17 ಮೀರಬಾರದು. ಕಣಗಳೋ ಗದ್ದೆಯಾಗಿವೆ, ಮನೆಯಾಗಿವೆ. ಬಿಸಿ ಹಿಡಿಯುವ ಗಟ್ಟಿ ನೆಲ ಎಂದು ಉಳಿದಿರುವುದು ರಸ್ತೆ ಮಾತ್ರ. ರಾಶಿಯ ಅಂಚಿಗೆ ಕಲ್ಲು ಇಡುತ್ತಾರೆ, ರಾತ್ರಿ ಮೇಲೆ ತಾಡಪಾಲು ಹೊದಿಸುತ್ತಾರೆ. ಕಾರು ಲಾರಿಗಳು ಉಳಿದ ಅರ್ಧದಲ್ಲಿ ಹೋಗುತ್ತವೆ. ಭುಜದ ಮೇಲೆ ಸಾಗಬೇಕಾದ ಸೈಕಲ್ಲಿನವರು, ನಡೆಯುವವರು ಲಾರಿಯ ಪಥಕ್ಕೆ ಇಳಿಯುತ್ತಾರೆ. ನೆಲ್ಲು ತುಂಬಿಕೊಂಡು ಹೋದ ಮೇಲೂ ಕಲ್ಲುಗಳು ಅಲ್ಲೇ ಇರುತ್ತವೆ.

ಸಾರ್ವಜನಿಕ ದಾರಿಗೆ ಅಡ್ಡಿಯೊಡ್ಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ಆದರೆ ಸಾಲ ಮಾಡಿ ಬೆಳೆದ ರೈತ, ತೇವದ ಕಾರಣಕ್ಕೆ ಕ್ವಿಂಟಲಿಗೆ ನೂರಾರು ರೂಪಾಯಿ ಕಳೆದುಕೊಳ್ಳುವ ಭಯದಲ್ಲಿರುವವನು, ದಂಡಕ್ಕೆ ಅಂಜಿ ರಸ್ತೆ ಬಿಡುತ್ತಾನೆಂದು ನನಗನಿಸುವುದಿಲ್ಲ. ಕ್ಯಾಂಪಿಗೊಂದು ಕಾಂಕ್ರೀಟ್ ಒಕ್ಕಣೆ ಕಣ ಕೊಟ್ಟರೆ ಅದು ರಸ್ತೆ ಸುರಕ್ಷತೆಯ ಕಾಮಗಾರಿಯೇ ಆಗುತ್ತದೆ, ಕೃಷಿ ಇಲಾಖೆಯ ಲೆಕ್ಕಕ್ಕೆ ಬರೆದರೂ ಸರಿ. ಇಡೀ ಹೆದ್ದಾರಿಯ ಬಗ್ಗೆ ಒಂದೇ ಕೆಲಸ ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

ಸೈಕಲ್ಲಿನ ವಿಷಯದಲ್ಲಿ ಸರ್ಕಾರದ ನಡೆ ಅರ್ಧಕ್ಕೇ ನಿಂತಿತು. 2006–07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಸಿಕ್ಕವು, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ದೂರದ ಹೈಸ್ಕೂಲನ್ನು ಹತ್ತಿರ ತಂದ ಯೋಜನೆ ಅದು. ಕೋವಿಡ್ ಬಂದ ಹೊತ್ತಿಗೆ ನಿಂತುಹೋಯಿತು. ಹದಿಮೂರರ ಮಕ್ಕಳ ಕೈಗೆ ಸೈಕಲ್ ಕೊಟ್ಟ ಅಷ್ಟೂ ವರ್ಷ, ಅವರು ತುಳಿಯುವ ರಸ್ತೆ ಹೇಗಿರಬೇಕೆಂಬ ಪ್ರಶ್ನೆ ಶಿಕ್ಷಣ ಇಲಾಖೆಯದ್ದೂ ಆಗಲಿಲ್ಲ, ಲೋಕೋಪಯೋಗಿ ಇಲಾಖೆಯದ್ದೂ ಆಗಲಿಲ್ಲ. ಈ ಸೀಮೆಯಲ್ಲಿ ಅದಕ್ಕೊಂದು ಸಿದ್ಧ ಉತ್ತರವಿದೆ. ಕಾಲುವೆ, ಉಪಕಾಲುವೆಗಳ ದಂಡೆಯ ಮೇಲೆ ನೀರಾವರಿ ಇಲಾಖೆಯ ತಪಾಸಣಾ ದಾರಿಗಳಿವೆ. ಅನೇಕ ಕಡೆ ಅವು ಕ್ಯಾಂಪಿನಿಂದ ಕ್ಯಾಂಪಿಗೆ ಹೆದ್ದಾರಿಯನ್ನು ಮುಟ್ಟದೆ ಹೋಗುತ್ತವೆ. ನೀರಿನ ಬದಿಗೆ ತಡೆಗೋಡೆ ಕಟ್ಟಿ, ಮಣ್ಣು ಗಟ್ಟಿ ಮಾಡಿ, ಟ್ರ್ಯಾಕ್ಟರ್ ನುಗ್ಗದಂತೆ ಕಂಬ ನೆಟ್ಟರೆ ಸೈಕಲ್ ದಾರಿಯಾಗುತ್ತವೆ. ತಡೆಗೋಡೆಯಿಲ್ಲದೆ ಮಾತ್ರ ಇದನ್ನು ಮಾಡಕೂಡದು. ತುಂಬಿ ಹರಿಯುವ ಕಾಲುವೆ ಹೆದ್ದಾರಿಗಿಂತ ಕಡಿಮೆ ಅಪಾಯದ್ದಲ್ಲ.

ಪಟ್ಟಣಗಳ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಸಿಂಧನೂರಿನ ಗಾಂಧಿ ವೃತ್ತದಂಥ ಕಡೆ ತೊಂದರೆ ವೇಗದ್ದಲ್ಲ, ಜಾಗದ್ದು, ಅಲ್ಲಿ 1.8 ಮೀಟರ್ ಅಡೆತಡೆಯಿಲ್ಲದ ಪಾದಚಾರಿ ದಾರಿ ಎಂಬ ಕನಿಷ್ಠ ಗುಣಮಟ್ಟವನ್ನು ಹಿಡಿದು ನಗರಸಭೆ ಕೆಲಸ ಮಾಡಬಹುದು, ಬಂಡಿ ವ್ಯಾಪಾರಿಗಳನ್ನು ಓಡಿಸದೆಯೂ. 2024ರ ಮಾರ್ಚಿನಲ್ಲಿ ಸಿಂಧನೂರಿಗೆ ರೈಲು ಬಂತು. ನಿಲ್ದಾಣದಿಂದ ಬಸ್ ಸ್ಟ್ಯಾಂಡಿಗೆ ನಡೆಯುವ ದಾರಿಯನ್ನು ಅಂಗಡಿಗಳು ಏಳುವ ಮೊದಲೇ ಗುರುತು ಹಾಕಿಡುವುದು ಸುಲಭ, ಆಮೇಲೆ ಕಷ್ಟ.

ಕಾನೂನಿನ ಬಲ ಇತ್ತೀಚೆಗೆ ಹೆಚ್ಚಿದೆ. ಸುರಕ್ಷಿತ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಮೋಟಾರು ವಾಹನ ಕಾಯ್ದೆಯ 138(1ಎ) ಮತ್ತು 210ಡಿ ಕಲಮುಗಳಡಿ ಪಾದಚಾರಿಗಳ ಸಂಚಾರಕ್ಕೆ, ರಾಜ್ಯದ ರಸ್ತೆಗಳ ವಿನ್ಯಾಸಕ್ಕೆ ಆರು ತಿಂಗಳೊಳಗೆ ನಿಯಮ ಮಾಡಬೇಕೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು. 2019ರ ತಿದ್ದುಪಡಿಯಿಂದ ಬಂದ 198ಎ ಕಲಂ ವಿನ್ಯಾಸದ ಲೋಪದಿಂದ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರರಿಗೂ ಇಲಾಖೆಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕುತ್ತದೆ. ನಿಯಮಗಳನ್ನು ಬರೆಯುವ ಹೊತ್ತಿಗೆ ಬೆಂಗಳೂರಿನ ಫುಟ್‌ಪಾತ್ ಜೊತೆಗೆ ಕ್ಯಾಂಪ್ ಕ್ರಾಸೂ ಬರೆಯುವವರ ಕಣ್ಣಮುಂದೆ ಇರಬೇಕು. 500 ಮೀಟರಿನ ತುಂಡಿನ ಬದಲು ಸಿಂಧನೂರಿನಿಂದ ಲಿಂಗಸುಗೂರಿನವರೆಗಿನ ಇಡೀ ಸಾಲನ್ನು ಒಂದು ಘಟಕವೆಂದು ಎಣಿಸುವ ಕಲಂ ಆ ನಿಯಮಗಳಲ್ಲಿ ಬೇಕು.

ಅದಕ್ಕೆ ಕಾಯದೆ ಆಗುವ ಕೆಲಸವೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ನಿರ್ದಿಷ್ಟ ಜಾಗಗಳಲ್ಲಿ ವೇಗಮಿತಿಯನ್ನು ಇನ್ನೂ ಇಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಪೊಲೀಸ್, ಸಾರಿಗೆ, ಲೋಕೋಪಯೋಗಿ ಅಧಿಕಾರಿಗಳು ಒಂದೇ ಮೇಜಿಗೆ ಕೂರುತ್ತಾರೆ. ಜನವಸತಿಯ ಒಳದಾರಿ ಬಂದು ಕೂಡುವ ಪ್ರತಿಯೊಂದು ಕ್ರಾಸಿನ ಹೆಸರನ್ನೂ, ಆರ್.ಎಚ್. ಕ್ಯಾಂಪುಗಳ ಅಂಕಿಯನ್ನೂ ಸೇರಿಸಿ, ಗ್ರಾಮ ಪಂಚಾಯಿತಿಗಳಿಂದ ಪಟ್ಟಿ ತರಿಸಿಕೊಂಡು, ಆ ಜಾಗಗಳಿಗೆ 30 ಕಿಲೋಮೀಟರಿನ ಮಿತಿ ಕೋರುವ ಪ್ರಸ್ತಾವವನ್ನು ಮುಂದಿನ ಸುಗ್ಗಿಗೆ ಮೊದಲೇ ಅವರು ಕಳಿಸಬಹುದು.