ಎರಡು ಥೈಲಿಯ ಊರಲ್ಲಿ ನಮ್ಮ ಥೈಲಿ ಯಾವುದು?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ದಿನಾ ಕೆ.ಆರ್.ಪುರದಿಂದ ಬಸ್ಸು ಹತ್ತಿ ಹಲಸೂರು ದಾಟಿ ಶಿವಾಜಿನಗರಕ್ಕೆ ಬರ್ತೀನಿ. ಹಲಸೂರು, ಶಿವಾಜಿನಗರ ಎರಡೂ ಹಿಂದೆ ದಂಡು ಪ್ರದೇಶ. 1862ರಲ್ಲೇ ಪೇಟೆಗೊಂದು, ದಂಡಿಗೊಂದು ಮುನ್ಸಿಪಾಲಿಟಿ ಆಯ್ತು. 1881ರಲ್ಲಿ ಮೈಸೂರು ಸಂಸ್ಥಾನವನ್ನ ಅರಸರಿಗೆ ವಾಪಸ್ ಕೊಟ್ಟಾಗಲೂ ದಂಡನ್ನ ಬ್ರಿಟಿಷರು ತಮ್ಮ ಕೈಲೇ ಇಟ್ಕೊಂಡರು. ಊರು ಒಂದೇ, ಥೈಲಿ ಎರಡು. 1949ರಲ್ಲಿ ಕಾರ್ಪೊರೇಷನ್ ಆದಾಗ ಎರಡೂ ಒಂದಾದವು.

ನಾನು ಆಫೀಸಲ್ಲಿ ಗುಮಾಸ್ತ. ಬಿಲ್ ಬರೆದು ಬರೆದು ಕಲಿತ ಪಾಠ ಒಂದೇ: ದುಡ್ಡು ಯಾವಾಗಲೂ ಮಿತಿಯಲ್ಲೇ ಇರುತ್ತೆ. ಖರ್ಚನ್ನ ಯಾವ ಲೆಕ್ಕ ಶೀರ್ಷಿಕೆಗೆ ಹಾಕ್ತಾರೆ ಅನ್ನೋದರಲ್ಲೇ ರಾಜಕೀಯ ಇದೆ. ಬಾಬಾಸಾಹೇಬರು 1925ರಲ್ಲಿ ಪ್ರಕಟಿಸಿದ ಪುಸ್ತಕವೂ ಪ್ರಾಂತ್ಯಗಳ ಹಣಕಾಸಿನ ಬಗ್ಗೆಯೇ. ಥೈಲಿ ಯಾರ ಕೈಲಿದೆ ಅನ್ನೋದು ಅವರಿಗೆ ಗೊತ್ತಿತ್ತು.

1979-80ರಲ್ಲಿ ದಲಿತರಿಗೆ ವಿಶೇಷ ಘಟಕ ಯೋಜನೆ ಬಂತು. ಅದು ಬರೀ ಮಾರ್ಗಸೂಚಿ, ಕಾನೂನಲ್ಲ. ಹಾಗಾಗಿಯೇ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಆ ದುಡ್ಡು ಹರಿದುಹೋಯ್ತು. ಹೋರಾಟದ ಫಲವಾಗಿ 2013ರಲ್ಲಿ ಮೊದಲು ಆಂಧ್ರ, ಆಮೇಲೆ ಕರ್ನಾಟಕ ಕಾಯ್ದೆ ಮಾಡಿದವು. ನಮ್ಮ ಜನಸಂಖ್ಯೆಯ ಲೆಕ್ಕ ಶೇ 17.15 ಮತ್ತು ಶೇ 6.95, ಒಟ್ಟು 24.1. ಅಭಿವೃದ್ಧಿ ಹಣದಲ್ಲಿ ಅಷ್ಟು ಪಾಲು ನಮ್ಮದು. ಕಡೆಗೂ ನಮಗೊಂದು ಥೈಲಿ ಸಿಕ್ತು.

ಆದರೆ ಥೈಲಿಗೆ ತೂತೂ ಇತ್ತು. ಕೆ.ಆರ್.ಪುರದ ತೂಗುಸೇತುವೆ ನೋಡಿ, ಅಂಥದ್ದನ್ನ ಜಾತಿವಾರು ಪಾಲು ಮಾಡೋಕಾಗುತ್ತಾ? ಪಾಲು ಮಾಡಲಾಗದ ಕಾಮಗಾರಿಯ ಒಂದು ಭಾಗ ನಮಗಾಗಿಯೇ ಖರ್ಚಾಯ್ತು ಅಂತ ಬರ್ಕೊಳ್ಳೋದಕ್ಕೆ ಸೆಕ್ಷನ್ 7ಡಿ ದಾರಿ ಕೊಟ್ಟಿತ್ತು. 2023ರಲ್ಲಿ ಅದನ್ನ ತೆಗೆದರು. ಒಳ್ಳೇದಾಯ್ತು, ಸರ್ಕಾರಕ್ಕೆ ಶರಣು.

ಆದರೆ 7ಸಿ ಉಳೀತು. ಎಲ್ಲರಿಗೂ ಇರುವ ಯೋಜನೆಯಲ್ಲಿ ನಮ್ಮ ಫಲಾನುಭವಿಗಳ ಪಾಲನ್ನ ನಮ್ಮ ಲೆಕ್ಕಕ್ಕೆ ಹಾಕಬಹುದು. 2024-25ರಲ್ಲಿ ಉಪಯೋಜನೆಗೆ ಇಟ್ಟದ್ದು 39,121 ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ 14,282 ಕೋಟಿ. ಉಳಿದದ್ದು 24,839.

ಗ್ಯಾರಂಟಿ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಏನು ಅನ್ನೋದು ನನಗೆ ಗೊತ್ತು. ದಲಿತರಿಗೇ ತಾನೇ ತಲುಪೋದು ಅಂತಾರೆ ಸರ್ಕಾರದವರು. ನಿಜ. ಆದರೆ ಪಕ್ಕದ ಬೀದಿಯ ಅಕ್ಕನಿಗೆ ಆ ಎರಡು ಸಾವಿರ ಸಾಮಾನ್ಯ ಥೈಲಿಯಿಂದ ಬಂದರೆ, ನಮ್ಮ ಅಕ್ಕನಿಗೆ ನಮ್ಮ ಥೈಲಿಯಿಂದಲೇ ಯಾಕೆ? ಹಾಗಾದರೆ ಸಾಮಾನ್ಯ ಥೈಲಿಯಲ್ಲಿ ನಾವು ನಾಗರಿಕರಲ್ಲವಾ? ಹಾಸ್ಟೆಲ್ಲು, ಭೂಮಿ, ಗಂಗಾ ಕಲ್ಯಾಣದ ಬೋರ್‌ವೆಲ್ಲು, ಇವಕ್ಕೆ ಇಟ್ಟ ದುಡ್ಡಲ್ಲವಾ ಇದು? ತಿಂಗಳ ಖರ್ಚಿಗೆ ಬಂದ ದುಡ್ಡು ತಿಂಗಳಲ್ಲೇ ಮುಗಿಯುತ್ತೆ. ಹಾಸ್ಟೆಲ್ಲಲ್ಲಿ ಓದಿದ ಹುಡುಗಿ ಇಡೀ ಮನೆಯನ್ನೇ ಎತ್ತಿ ನಿಲ್ಲಿಸ್ತಾಳೆ.

ಮಿತಿ ಇದೆ, ಒಪ್ಪೋಣ. ಮಿತಿ ಬಂದಾಗಲೆಲ್ಲ ಮೊದಲು ನಮ್ಮ ಥೈಲಿಗೇ ಕೈ ಹಾಕೋದನ್ನ ಮಾತ್ರ ಒಪ್ಪೋದು ಬೇಡ. 7ಡಿ ಹೋದ ಹಾಗೆ 7ಸಿನೂ ಹೋಗಬೇಕು. ಮುಂದಿನ ಬಜೆಟ್ ದಿನ ಭಾಷಣ ಕೇಳಿ ಸುಮ್ಮನಾಗಬೇಡಿ, ಲೆಕ್ಕ ಶೀರ್ಷಿಕೆ ಓದಿ. ಅರ್ಥ ಆಗದಿದ್ದರೆ ನನಗೆ ಕಳಿಸಿ, ಕೂತು ಓದೋಣ.