ಮಾವನ ಇಂಜಿನ್ನು

ದೇವದುರ್ಗದ ಸೋದರಮಾವ ಬಿಟ್ಟುಹೋದ ಆಟದ ರೈಲನ್ನು ಮಗನ ಡಿಜಿಟಲ್ ಹಳಿಯ ಮೇಲಿಡಲು ಹೊರಟೆ. “ಬ್ಯಾಡವ್ವ, ಮೋಟಾರು ಸುಟ್ಟೀತು!” ಎಂದ.

ಹಳೆಯ ಪದ್ಧತಿಯಲ್ಲಿ ಹಳಿಗೆ ವಿದ್ಯುತ್ತು ಏರಿಸಿದಷ್ಟೂ ಇಂಜಿನ್ನಿನ ವೇಗ. 1980ರ ದಶಕದ ಕೊನೆಗೆ ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ತಿ ವಿದ್ಯುತ್ತು. ಇಂಜಿನ್ನಿಗೊಂದು ನಂಬರು, ಹೊಟ್ಟೆಯೊಳಗೊಂದು ಡಿಕೋಡರ್. ತನ್ನ ನಂಬರು ಕರೆದರಷ್ಟೇ ಅದು ಓಗೊಡುತ್ತದೆ.

ನನಗೆ ರಾಯಚೂರು ನೆನಪಾಯಿತು. ಮಾನ್ವಿಯಿಂದ ಬಸ್ಸಿನಲ್ಲಿ ಹೋಗಿ ಮಾವನ ಕೈಹಿಡಿದು ರೈಲು ನೋಡಿದ ಊರು. 1871ರಲ್ಲಿ ಮುಂಬಯಿ, ಮದರಾಸು ಕಡೆಯ ಹಳಿಗಳು ಕೂಡಿದ್ದು ಅಲ್ಲೇ. ಕಂಪನಿಗಳೆರಡಾದರೂ ಹಳಿಯ ಅಗಲ ಒಂದೇ ಇತ್ತು, ಕೂಡಿಕೆ ಸಲೀಸಾಯಿತು.

ನಮ್ಮಲ್ಲೂ ಹಳಿ ಹೊಂದುತ್ತಿತ್ತು, ವಿದ್ಯುತ್ತಷ್ಟೇ ಹೊಂದದು. ಮಗ ಹಳಿಗೂ ಮೋಟಾರಿಗೂ ಇದ್ದ ನೇರ ಸಂಪರ್ಕ ಬಿಡಿಸಿ, ನಡುವೆ ಡಿಕೋಡರ್ ಕೂಡಿಸಿದ. ಮಾವನ ಇಂಜಿನ್ನು ಮೊಮ್ಮಗನ ಮಾತು ಕೇಳಿ ಮೆಲ್ಲಗೆ ಹೊರಟಿತು.